ದಣಿಯ ಮುಖ

ಸ್ಯಾನ್ ಪೆಡ್ರೊ ಬಂದರಿನ ಬೆನ್ನಿಗೆ
ಕಾರಿಲ್ಲದ ನನ್ನ ಕಾರು ಶೆಡ್ಡು.
ಬಾಗಿಲೆತ್ತಿದರೆ ಕ್ರೇನುಗಳ ಸಾಲು,
ಇಳಿಸಿದರೆ ನಾನು, ಆವಿಗೆ, ಅದರ ಗುಂಯ್ ಸದ್ದು.
ಅಜ್ಜಿ ಝೋರ್ಕಾ ಕ್ರೊಯೇಷಿಯಾದಿಂದ ಬಂದು
ಆಚೆ ದಡದಲ್ಲಿ ಮೀನಿನ ಡಬ್ಬಿಗೆ ಮುಚ್ಚಳ ಒತ್ತಿದಳು.
ನಾನು ಟಿಕಿ ಮಗ್‌ಗಳಿಗೆ ಮೂಗು ಒತ್ತುತ್ತೇನೆ.

ಟಿಕಿ ಮಗ್ ಅಂದರೆ ಇಷ್ಟೇ:
ರಮ್ ಕುಡಿಯುವವರ ಎದುರು ಹಲ್ಲು ಕಿರಿಯುವ ಒಂದು ಮುಖ.
ಗಂಜಿಯ ಹದಕ್ಕೆ ಮಣ್ಣು ಕದಡಿ
ಪ್ಲಾಸ್ಟರಿನ ಅಚ್ಚಿಗೆ ಹೊಯ್ಯಬೇಕು.
ಅಚ್ಚು ನೀರು ಹೀರುವಷ್ಟು ಹೊತ್ತು
ರೇಡಿಯೋದಲ್ಲಿ ಬೇಸ್‌ಬಾಲ್ ಕೇಳಬೇಕು,
ನಮ್ಮವರು ಸೋಲುತ್ತಿದ್ದರೂ.
ಆಮೇಲೆ ಮಿಕ್ಕದ್ದನ್ನು ಸುರಿದುಬಿಡಬೇಕು.

ಮಣ್ಣು ತೊಗಲಿನಂತಾದಾಗ
ಅಚ್ಚಿನ ಹೊಲಿಗೆ ಕೆರೆದು
ಬಿದಿರು ಕಡ್ಡಿಯಲ್ಲಿ ಹಲ್ಲು ಬಿಡಿಸುತ್ತೇನೆ,
ಒಂದೊಂದಾಗಿ,
ನನ್ನ ದಂತವೈದ್ಯರ ಬಿಲ್ಲು ನೆನೆಯುತ್ತ.
ಒಮ್ಮೆ ಸುಟ್ಟ ಮೇಲೆ ಮೆರುಗು.
ಬಳಿಯುವುದಕ್ಕಿಂತ ಒರೆಸುವುದೇ ಹೆಚ್ಚು:
ಉಬ್ಬಿನ ಮೇಲಿಂದ ಹೋಗಬೇಕು, ತಗ್ಗಿನಲ್ಲಿ ನಿಲ್ಲಬೇಕು.
ಬುಡಕ್ಕೆ ಮೇಣ, ಇಲ್ಲದಿದ್ದರೆ ಹಲಗೆ ಬಿಡುವುದಿಲ್ಲ.
ಕಳೆದ ಮಂಗಳವಾರ ಹನ್ನೊಂದು ಇಟ್ಟೆ.
ಐದು ನೆಟ್ಟಗೆ ಬಂದವು.
ಉಳಿದವುಗಳ ಕೆನ್ನೆಯಲ್ಲಿ ಹಸಿರು ಸರಿದು ಮುದುಡಿತ್ತು,
ಊದಿದಾಗ ಹಾಲಿನ ಕೆನೆ ಸರಿಯುವ ಹಾಗೆ.

ಅವತ್ತೇ ಟಾವಿಟಾ ಫೈಮಾಲೊ ಬಂದದ್ದು.
ಕಾರ್ಸನ್ ಕಡೆಯ ಸಮೋವನ್, ಕಂಟೈನರ್ ಬಿಗಿಯುವ ಕೈಗಳು;
ಆ ಕೈಗಳಲ್ಲಿ ಒಂದು ಟವೆಲ್ಲು,
ಟವೆಲ್ಲಿನಲ್ಲಿ ನಾಲ್ಕು ಚೂರು. ಮೇಲ್ತುಟಿ ಕಾಣೆ.
"ನಿಮ್ಮ ದೇವರೇ?" ಎಂದೆ,
ಎಷ್ಟೋ ವರ್ಷದಿಂದ ಮಾರುತ್ತ ಬಂದವಳ ಅಳುಕಿನಲ್ಲಿ.
"ನಮ್ಮಲ್ಲಿ ಇಂಥವನು ಯಾರೂ ಇಲ್ಲ.
ಅಪ್ಪ ಬಾರಿನಲ್ಲಿ ರಾತ್ರಿಗೆ ಮುನ್ನೂರು ತೊಳೆಯುತ್ತಿದ್ದ.
ಥೇಟ್ ದಣಿಯ ಮುಖವಂತೆ.
ಬಾರು ಮುಚ್ಚಿದ ದಿನ ಕೊನೆಯ ಸಂಬಳ ಬರಲಿಲ್ಲ.
ಮೇಲಿನ ಹಲಗೆಯದನ್ನು ಕೋಟಿನೊಳಗೆ ಇಳಿಸಿಕೊಂಡ,
ಅವನು ಎಂದೂ ತೊಳೆಯದಿದ್ದ ಒಂದೇ ಒಂದನ್ನು."

ಅಂಟಿಸಿದ ಮೇಲೆ ಇದರಲ್ಲಿ ಕುಡಿಯುವಂತಿಲ್ಲ,
ಕಾಫಿಯಂತೂ ಬೇಡವೇ ಬೇಡ, ಎಂದೆ.
"ಕುಡಿಯಲಿಕ್ಕಲ್ಲ. ಅಪ್ಪ ರಾತ್ರಿ ಹಲ್ಲುಸೆಟ್ಟು ಇಡುವುದು ಇದರಲ್ಲಿ.
ದಿನಾ ಮಲಗುವ ಮುಂಚೆ ಹೇಳುತ್ತಾನೆ:
ಇಗೋ ದಣೀ, ನನ್ನದರಲ್ಲೂ ಅಗಿ."

ಚೂರು ಕೂಡಿಸುವಾಗ ಒಳಗೋಡೆಯಲ್ಲಿ ಕಂಡಿತು
ಯಾರದೋ ಹೆಬ್ಬೆಟ್ಟು, ಮೂಗಿನ ಹಿಂದೆ,
ಕುಸಿಯದಿರಲೆಂದು ಒತ್ತಿ ಹಿಡಿದದ್ದು.
ಒಡೆಯದಿದ್ದರೆ ಕಾಣುತ್ತಿರಲಿಲ್ಲ.
ನನ್ನದನ್ನು ಇಟ್ಟು ನೋಡಿದೆ. ಕೂರಲಿಲ್ಲ.

ತುಟಿಯನ್ನು ಪುಟ್ಟಿಯಲ್ಲಿ ಕಟ್ಟಿ, ಉಜ್ಜಿ,
ಬಣ್ಣಕ್ಕೆ ಏಳು ಕಂದು ಕಲೆಸಿದೆ,
ಒಂದೂ ಹತ್ತಿರ ಸುಳಿಯಲಿಲ್ಲ.
ಸ್ಪಿರಿಟ್ಟಿನ ಬಟ್ಟೆ ಎಡಗೆನ್ನೆಗೆ ತಾಗಿತು ನೋಡಿ,
ಬಟ್ಟೆಗೆ ಚಹಾ ಬಣ್ಣ, ಕೆನ್ನೆಗೆ ಎಳೆಹಸಿರು.
ನಾನು ಮೆರುಗು ಅಂದುಕೊಂಡದ್ದು
ಯಾರು ಯಾರೋ ಸೇದಿ ಬಿಟ್ಟ ಹೊಗೆ.
ಕೈ ತಡೆದೆ.
ಒಂದು ಬೆರಳಗಲ ಆಗಲೇ ಹೋಗಿತ್ತು.

ತುಟಿಗೆ ಹೊಗೆಯ ಬಣ್ಣವನ್ನೇ ಹಚ್ಚಿ ಕಳಿಸಿದೆ,
ಜೊತೆಗೆ ನೆಟ್ಟಗೆ ಬಂದ ಐದರಲ್ಲಿ ಒಂದನ್ನು.
ಹೊಸದು ವಾಪಸ್ಸು ಬಂತು:
ಇದು ಯಾವ ದಣಿ, ನನಗೆ ಗೊತ್ತಿಲ್ಲ, ಎಂದನಂತೆ ಮುದುಕ.
ಹಳೆಯದನ್ನು ದೀಪಕ್ಕೆ ಹಿಡಿದು
ಹಸಿರು ಗೀರಿನ ಮೇಲೆ ಬೆರಳಿಟ್ಟು ಕೇಳಿದನಂತೆ,
"ಯಾರು ತೊಳೆದದ್ದು? ಕೂಲಿ ಕೊಟ್ಟೆಯಾ?"

ಭಾನುವಾರ ಶೆಡ್ಡಿನ ಮುಂದೆ ಒಂದು ತಟ್ಟೆ, ಇನ್ನೂ ಬಿಸಿ:
ತೆಂಗಿನ ಹಾಲು ಮಡಚಿಟ್ಟು ಬೇಯಿಸಿದ ಕೆಸುವಿನೆಲೆ.
ನಿಂತಲ್ಲೇ ತಿಂದೆ, ಮಣ್ಣಿನ ಕೈಯಲ್ಲಿ.
ನಾಲಿಗೆ ತುರಿಸಲಿಲ್ಲ.