ಗಂಟು

ಧಕ್ಕೆಯಲ್ಲಿ ಬೆಳಿಗ್ಗೆ ಏಳು.
ಕಿಸೆಯ ಪುಟ್ಟ ಕ್ಯಾಮರಾದ ಕಣ್ಣಿಗೆ ಉಪ್ಪು ಹಿಡಿದಿದೆ;
ಒರೆಸಲು ಹೋದರೆ ಅಂಗಿಯ ಚುಂಗಿಗೂ ಬಂಗುಡೆಯ ನಾತ.

ಚಂದು ಕರ್ಕೇರರು ಹರಿದ ಬಲೆ ಹೆಣೆಯುತ್ತಿದ್ದಾರೆ.
ಮೊದಲ ಪಟ: ಬೆರಳ ಜಾಗದಲ್ಲಿ ಹೊಗೆ.
ಎರಡನೆಯದರಲ್ಲಿ ಹಿಂದಿನ ಐಸ್ ಪೆಟ್ಟಿಗೆಯ ನಂಬರು ಸ್ಪಷ್ಟ,
ಅವರು ಮಾತ್ರ ನೀರೊಳಗಿನ ಮನುಷ್ಯ.

"ಎಂತ ಮಾರಾಯ, ಕೈ ನಡುಗ್ತದಾ?
ಸೂಜಿಗೆ ನೂಲು ಹಾಕುವಾಗ ಉಸಿರು ಬಿಡ್ತಾರಾ ಯಾರಾದ್ರೂ?"

ಬೋಟಿಗೆ ಬೆನ್ನು ಕೊಟ್ಟೆ, ಅದೂ ಅಲುಗಿತು.
ಇಳಿದೆ. ಜೂಮ್ ಬಿಟ್ಟು ಎರಡು ಹೆಜ್ಜೆ ಹತ್ತಿರ ಹೋಗಿ
ಕಟ್ಟೆಯ ಕಲ್ಲಿಗೊರಗಿ ಮೊಣಕೈ ಪಕ್ಕೆಗೊತ್ತಿ
ಗುಂಡಿಯನ್ನು ಅರ್ಧವೇ ಅದುಮಿ
ಹಸಿರು ಚೌಕ ಬೆರಳ ಮೇಲೆ ಕೂರುವ ತನಕ ಕಾದೆ.
ಅಷ್ಟರಲ್ಲಿ ಕಾಗೆ, ಹರಾಜಿನ ಕೂಗು,
ಅಡ್ಡ ಹಾದ ಯಾರದೋ ಬುಟ್ಟಿ.
ಉಳಿದರ್ಧ ಅದುಮಿದೆ.

ಕನ್ನಡಕ ಹಣೆಗೇರಿಸಿ ಪರದೆ ನೋಡಿದರು.
ಬೆರಳು ಈಗಲೂ ಹೊಗೆಯೇ, ಅವು ನಿಂತದ್ದಾದರೂ ಯಾವಾಗ?
ಕೆಳಗೆ ನೀಲಿ ನೂಲಿನ ಒಂದು ಗಂಟು,
ಎಳೆ ಎಳೆ ಎಣಿಸುವಷ್ಟು.

"ಒಂದು ಸುತ್ತು ಕಮ್ಮಿ ಬಿದ್ದಿದೆ," ಎಂದರು.
ಬಲೆ ಹಿಂದಕ್ಕೆಳೆದು
ಬಿಚ್ಚತೊಡಗಿದರು.