ನಾಲ್ಕನೇ ಮಷೀನು

ತುರ್ಕು ಊರಿನ ಲಾಂಡ್ರಿಯ ರೈಲಿಗೆ
ರೇಡಿಯೋದಲ್ಲಿ ಮೊದಲು ಗುರುತು ಸಿಕ್ಕಿದ್ದು
ಹಾಡಿದವಳ ದನಿಯಲ್ಲ, ಹಿಂದಿನ ಆ ದಡಬಡ:
ಅಯ್ಯೋ, ಇದು ನಮ್ಮ ನಾಲ್ಕನೇ ಮಷೀನು!

ಫೆಬ್ರವರಿ. ಹೊರಗೆ ಔರಾ ಹೊಳೆ ಹೆಪ್ಪುಗಟ್ಟಿತ್ತು.
ಈನೆಸ್ ಎಂಬ ಹುಡುಗಿ ಫೋನನ್ನು
ಮಷೀನಿನ ನೆತ್ತಿಗಿಟ್ಟು
ಬಾಯೊಳಗೇ ಏನೋ ಗುನುಗಿದ್ದಳು.

ಈಗ ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಮೀನಿನ ಸಂತೆಯಲ್ಲಿ
ಎಲ್ಲರ ಬಾಯಲ್ಲೂ ಅದೇ ಸಾಲು:
ನಿನ್ನಂಗಿ ಒಗೆದೆ, ನೀನೂ ಹೋದೆ.

ರಿಪೇರಿಯವನು ಬಂದ. ಬೇರಿಂಗ್ ಸವೆದಿದೆ ಅಂದ.
ಮುಟ್ಟಬೇಡ ಅಂದಳು ರೈಲಿ,
ಕಾಫಿ ಕೊಟ್ಟು ಕಳಿಸಿದಳು.

ಒಂದು ಮಾತ್ರ ಯಾರಿಗೂ ಹೇಳಿಲ್ಲ:
ಮೂರು ಯೂರೋ ನುಂಗಿ ಅವತ್ತು
ಮಷೀನು ತಿರುಗಿದ್ದು ಖಾಲಿ.
ಅಂಗಿ, ಕೊಳೆ ಕಾಲರಿನ ಸಮೇತ,
ಹುಡುಗಿಯ ಕೋಟಿನೊಳಗೆ
ಕತ್ತಿನ ತನಕ ಗುಂಡಿ ಹಾಕಿಕೊಂಡು
ಬೆಚ್ಚಗೆ ಕೂತಿತ್ತು.