ತಿರುಗಿ ನಿಂತ ಬಾಣ

ನಮ್ಮ ಯಂತ್ರದೊಳಗೆ ನಾನೊಸ್ ಪರ್ವತ
ಮೊದಲು ಒಂದು ತಲೆದಿಂಬಿನಂತಿತ್ತು.
ಎರಡೂವರೆ ಕಿಲೋಮೀಟರಿಗೊಂದು ಚೌಕ,
ಚೌಕಕ್ಕೊಂದು ಎತ್ತರ, ಒಂದು ಗಾಳಿ, ಒಂದು ಚಳಿ.
ಕೊರಕಲಿಲ್ಲ, ಬಂಡೆಗೆ ಮೂಗಿಲ್ಲ,
ಕುರಿ ಇಳಿಯುವ ಸೀಳುದಾರಿಯಿಲ್ಲ.
ದೂರದ ಬೆಟ್ಟ ನುಣ್ಣಗೆ ಅನ್ನುವುದು
ಬರೀ ಕಣ್ಣಿಗೆ ಹೇಳಿದ ಮಾತಲ್ಲ.

ಲ್ಯುಬ್ಲ್ಯಾನಾದ ನೆಲಮಾಳಿಗೆಯಲ್ಲಿ ಕೂತು
ಆ ದಿಂಬಿನ ಮೇಲೆ ಬುರ್ಯಾ ಬಿಟ್ಟೆ.
ಬುರ್ಯಾ ಈಶಾನ್ಯದ ಗಾಳಿ:
ಬೆಟ್ಟದ ಬೆನ್ನ ಹಿಂದೆ ತಣ್ಣಗೆ ತುಂಬಿ ತುಂಬಿ
ಹಾಲುಕ್ಕಿದಂತೆ ಅಂಚು ದಾಟಿ
ವಿಪಾವಾ ಕಣಿವೆಗೆ ಧುಮುಕುತ್ತದೆ.
ಉಕ್ಕಿದ ಹಾಲು ಒಲೆ ಆರಿಸೀತು.
ಇದು ಲಾರಿ ಮಗುಚುತ್ತದೆ.

ನನ್ನ ಗಾಳಿ ಮಾತ್ರ ಮೆಟ್ಟಿಲಿಳಿಯುವ ಅತಿಥಿಯಂತೆ
ಕಂಬಿ ಹಿಡಿದುಕೊಂಡು ಇಳಿಯಿತು.
ಸೆಕೆಂಡಿಗೆ ಹತ್ತೊಂಬತ್ತು ಮೀಟರ್,
ಹತ್ತು ನಿಮಿಷದ ಸರಾಸರಿ.

ಆ ಅಂಕಿ ಹಿಡಿದು ಕಣಿವೆಗೆ ಹೋದಾಗ
ಸಿಲ್ವಾನ್ ಮಾಡಿನ ಮೇಲಿದ್ದ.
ಎಪ್ಪತ್ತೊಂದರ ಮುದುಕ, ಹೆಂಚು ಹೊದಿಸುವವನು,
ಹೆಂಚಿನ ಸಾಲಿನುದ್ದಕ್ಕೂ ಕಲ್ಲು ಹೇರುತ್ತಿದ್ದ.
ಆ ಮನೆಯ ಈಶಾನ್ಯದ ಗೋಡೆಗೆ
ಒಂದು ಕಿಟಕಿಯೂ ಇರಲಿಲ್ಲ.
"ಸರಾಸರಿಯಾ?" ಅಂದ, ಮೇಲಿನಿಂದಲೇ.
"ಸರಾಸರಿಗೆ ಯಾರ ಹೆಂಚೂ ಹಾರಿದ್ದಿಲ್ಲ, ಮಗಳೇ.
ಅದು ಉಸಿರು ಬಿಗಿಹಿಡಿದು ನಿಲ್ಲುತ್ತದೆ.
ನೀನು ಕೋಟಿನ ಗುಂಡಿ ಬಿಚ್ಚುತ್ತೀ.
ಆಗ ಹೊಡೆಯುತ್ತದೆ."
ಎಷ್ಟು ಕಲ್ಲು ಬೇಕೆಂದು ಹೇಗೆ ತಿಳಿಯುತ್ತದೆ, ಕೇಳಿದೆ.
ಅವನು ಇನ್ನೊಂದು ಕಲ್ಲಿಟ್ಟ.

ಹುಳಿ ಎಲೆಕೋಸಿನ ಸಾರು ಬಡಿಸುತ್ತಾ ಅಲ್ಬೀನಾ ಅಂದಳು:
"ದೊಡ್ಡ ಗಾಳಿಯ ರಾತ್ರಿ, ಕೆಳಬೀದಿಯ ಹೊಗೆ
ಬೆಟ್ಟದ ಕಡೆಗೇ ಓಡುತ್ತದೆ. ನಾನು ನೋಡಿದ್ದೇನೆ."
"ನಲವತ್ತೆಂಟು ವರ್ಷದಿಂದ ಇದೇ ಗಾಳಿಮಾತು,"
ಗಂಡ ನಕ್ಕ. ಬಟ್ಟಲು ಮುಂದೆ ತಳ್ಳಿ ನಾನೂ ನಕ್ಕೆ.
ಟಿಪ್ಪಣಿ ಪುಸ್ತಕ ಚೀಲದಲ್ಲೇ ಇತ್ತು.
ತೆಗೆಯಲಿಲ್ಲ.

ಚಳಿಗಾಲಕ್ಕೆ ಮುನ್ನ ಚೌಕಗಳನ್ನು ಕತ್ತರಿಸಿದೆವು:
ಎಂಟುನೂರು ಮೀಟರ್, ಮುನ್ನೂರು, ನೂರು.
ದಿಂಬಿನೊಳಗೆ ಎಲುಬು ಮೂಡಿತು,
ಕೊರಕಲುಗಳು ಬಾಯಿ ಬಿಟ್ಟವು,
ಕುರಿಗಳ ದಾರಿಯೂ ಬಂತು, ಕುರಿಗಳಿಲ್ಲದೆ.
ಕಣಿವೆಯ ಒಂದು ಗಂಟೆ ಕಳೆಯಲು
ಯಂತ್ರಕ್ಕೀಗ ಎರಡು ದಿನ ಬೇಕು.
ಹಳೆಯ ಬಿರುಗಾಳಿಯೊಂದನ್ನು ಮತ್ತೆ ಎಬ್ಬಿಸಿದೆ.
ಈ ಸಲ ಅದು ಮೆಟ್ಟಿಲು ಹುಡುಕಲಿಲ್ಲ.
ಬಿತ್ತು, ತಳಕ್ಕೆ ಬಡಿದು ಎದ್ದು ನಿಂತಿತು,
ತನ್ನ ಮೇಲೆ ತಾನೇ ಮಗುಚಿಕೊಂಡು ಹೊರಳಿತು.
ಪರದೆಯ ತುಂಬ ಕಪ್ಪು ಬಾಣಗಳು,
ಸಾವಿರಾರು, ಎಲ್ಲವೂ ನೈಋತ್ಯಕ್ಕೆ ಮುಖಮಾಡಿ
ಸಂತೆ ಮುಗಿಸಿ ಹೊರಟ ಜನದ ಹಾಗೆ.

ಒಂದು ಚೌಕದಲ್ಲಿ ಒಂದು ಬಾಣ
ತಿರುಗಿ ನಿಂತಿತ್ತು.

ದೋಷ, ಅಂದುಕೊಂಡೆ. ಇಂಥವು ಇರುತ್ತವೆ,
ಲೆಕ್ಕದ ಅಕ್ಕಿಯಲ್ಲಿ ಕಲ್ಲು; ಆರಿಸಿ ಎಸೆಯುವುದೇ ರೂಢಿ.
ಬೆರಳು ಅಳಿಸುವ ಕೀಲಿಯ ಮೇಲಿತ್ತು.
ಕಿಟಕಿಯಿಲ್ಲದ ಆ ನೆಲಮಾಳಿಗೆಗೆ ಎಲ್ಲಿಂದಲೋ
ಹುಳಿ ಎಲೆಕೋಸಿನ ವಾಸನೆ ಬಂತು.
ಚೌಕದ ಅಕ್ಷಾಂಶ ರೇಖಾಂಶ ತೆಗೆದು ನೋಡಿದೆ:
ಕೆಳಬೀದಿ.

ಫೆಬ್ರವರಿಯಲ್ಲಿ ನಿಜದ ಗಾಳಿ ಬಂತು.
ದ್ರಾಕ್ಷಿತೋಟದಂಚಿನ ನಮ್ಮ ಅಳತೆಯ ಕಂಬ
ನಸುಕಿನ ಮೂರು ನಲವತ್ತಕ್ಕೆ
ಐವತ್ತೊಂದು ಎಂದು ಬರೆದು ಮುರಿದು ಬಿತ್ತು.
ಆಮೇಲಿನ ಗಾಳಿಗೆ ಸಾಕ್ಷಿಯಿಲ್ಲ.
ನನ್ನ ಲೆಕ್ಕವೊಂದೇ ಬೆಳಗಿನವರೆಗೂ ಬೀಸಿತು
ತಪ್ಪು ಅನ್ನುವವರಿಲ್ಲದೆ.
ಅಂಥ ಒಂಟಿತನವನ್ನು ನಾನು
ಯಾವ ವರದಿಯಲ್ಲೂ ಕಾಣಿಸಿಲ್ಲ.

ಹಿಮ ಕರಗಿದ ಮೇಲೆ ಕಂಬದ ಚೂರು ಹೆಕ್ಕಲು ಹೋದೆ.
ಗಾಳಿ ಅಳೆಯುವ ಮೂರು ಬಟ್ಟಲುಗಳಲ್ಲಿ
ಎರಡು ಕೆಳಗಿನ ತೋಟಗಳಲ್ಲಿ ಸಿಕ್ಕವು,
ಸಿಗಬೇಕಾದ ಕಡೆ.
ಮೂರನೆಯದು ಅಲ್ಬೀನಾಳ ಹಿತ್ತಲಲ್ಲಿತ್ತು,
ಒಂದು ಕಲ್ಲಿಗೆ ಒರಗಿ, ನೀರು ತುಂಬಿಕೊಂಡು.
ಎರಡು ಕೋಳಿಮರಿ ಕೊಕ್ಕು ಅದ್ದುತ್ತಿದ್ದವು.
"ಎಲ್ಲಿ ಸಿಕ್ಕಿತು ಇದು?"
ಅವಳು ಮಾತಾಡಲಿಲ್ಲ. ಕೈಯೆತ್ತಿ
ಕಂಬಕ್ಕಿಂತ ಮೇಲೆ, ಬೆಟ್ಟದ ಕಡೆ ತೋರಿಸಿದಳು.
ಬೇಕಾದರೆ ಒಯ್ಯಿ, ಎನ್ನುವಂತೆ
ಮರಿಗಳನ್ನು ಕಾಲಿಂದ ಸರಿಸಿದಳು.

ಬೇಡ, ಕುಡಿಯಲಿ, ಅಂದೆ.